ಆರು ಗಜದ ಜಗಳ: ಇಆರ್‌ಸಿ ಟು ಡ್ರೈವರ್ ಪ್ರಕರಣ

2000ದ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲವೇ ಗಾಲ್ಫ್ ಕಂಪನಿ ಅಮೆರಿಕದ ಅಂಗಡಿಗಳಿಗೆ ಒಂದು ಹೊಸ ಡ್ರೈವರ್, ಅಂದರೆ ಚೆಂಡನ್ನು ಅತಿ ದೂರ ಹೊಡೆಯುವ ಕ್ಲಬ್ (ಗಾಲ್ಫ್ ಕೋಲು), ತರುವುದಾಗಿ ಪ್ರಕಟಿಸಿತು. ಬೆಲೆ 625 ಡಾಲರ್. ಹೆಸರು ಇಆರ್‌ಸಿ ಟು. ಸ್ಥಾಪಕ ಈಲಿ ರೀವ್ಸ್ ಕ್ಯಾಲವೇ ಅವರ ಹೆಸರಿನ ಮೊದಲಕ್ಷರಗಳವು. ಗಾಲ್ಫ್ ಸಾಮಾನು ಮಾರುವವರೆಲ್ಲ ತಮ್ಮ ಮಾಲು ನಿಯಮಕ್ಕೆ ಸರಿಹೊಂದುತ್ತದೆ ಅಂತ ಸಾರಿಕೊಂಡು ಮಾರುವುದು ವಾಡಿಕೆ. ಈ ಕಂಪನಿ ಅದಕ್ಕೆ ತದ್ವಿರುದ್ಧ ಹೇಳಿತು: ಅಮೆರಿಕದ ನಿಯಮದಡಿ ಈ ಕ್ಲಬ್ ಸಲ್ಲುವುದಿಲ್ಲ, ಸ್ಪರ್ಧೆಗೆ ಒಯ್ಯಬೇಡಿ, ವಾರಕ್ಕೊಮ್ಮೆ ಖುಷಿಗೆ ಆಡುವವರು ಕೊಂಡುಕೊಳ್ಳಿ. ಹೀಗೆ ಹೇಳುವಾಗ ಕ್ಯಾಲವೇ ಜೊತೆಗೆ ನಿಂತವರು ಹೆಸರಾಂತ ಹಿರಿಯ ಗಾಲ್ಫ್ ಆಟಗಾರ ಆರ್ನಾಲ್ಡ್ ಪಾಮರ್.

ಪಾಮರ್ ಬರೀ ಜಾಹೀರಾತಿನ ಮುಖವಾಗಿದ್ದರೆ ಗದ್ದಲ ಇಷ್ಟು ಏಳುತ್ತಿರಲಿಲ್ಲ. ಆಗ ಅವರಿಗೆ 71 ವರ್ಷ. 1960ರ ಯುಎಸ್ ಓಪನ್‌ನ ಕೊನೆಯ ಸುತ್ತಿಗೆ ಏಳು ಹೊಡೆತ ಹಿಂದಿದ್ದವರು ಚೆರಿ ಹಿಲ್ಸ್‌ನ 346 ಗಜದ ಮೊದಲ ಹೋಲ್‌ನಲ್ಲಿ ಟೀಯಿಂದಲೇ, ಅಂದರೆ ಆರಂಭದ ಜಾಗದಿಂದ ಒಂದೇ ಹೊಡೆತಕ್ಕೆ, ಚೆಂಡನ್ನು ಗುಳಿಯ ಸುತ್ತಲಿನ ಗ್ರೀನ್‌ಗೆ ಮುಟ್ಟಿಸಿ, 65 ಹೊಡೆತಗಳ ಸುತ್ತು ಆಡಿ ಗೆದ್ದದ್ದು ಅಮೆರಿಕದ ಗಾಲ್ಫ್ ಪ್ರಿಯರಿಗೆಲ್ಲ ಬಾಯಿಪಾಠ. ಅದಕ್ಕಿಂತ ಮುಖ್ಯ ಇನ್ನೊಂದಿದೆ. ಅಮೆರಿಕದಲ್ಲಿ ನಿಯಮ ರೂಪಿಸುವ ಸಂಸ್ಥೆ ಯುಎಸ್‌ಜಿಎ 1975ರಲ್ಲಿ ಸಾಮಾನ್ಯ ಆಟಗಾರರಿಂದ ಚಂದಾ ಪಡೆದು ಅವರನ್ನು ಸದಸ್ಯರಾಗಿಸಿಕೊಳ್ಳುವ ಯೋಜನೆ ಶುರುಮಾಡಿದಾಗ ಅದರ ಅಧ್ಯಕ್ಷಗಿರಿ ಕೊಟ್ಟದ್ದು ಪಾಮರ್‌ಗೆ. ಮೊದಲ ಸದಸ್ಯತ್ವ ಪಡೆದವರು ಆಗಿನ ರಾಷ್ಟ್ರಾಧ್ಯಕ್ಷ ಜೆರಾಲ್ಡ್ ಫೋರ್ಡ್. 2000ದಲ್ಲೂ ಪಾಮರ್ ಆ ಯೋಜನೆಯ ಮುಖವೇ ಆಗಿದ್ದರು. ನಿಯಮಸಂಸ್ಥೆ ತನ್ನ ಮನೆಬಾಗಿಲಲ್ಲಿ ಸ್ವಾಗತಕ್ಕೆ ನಿಲ್ಲಿಸಿದ್ದ ಮನುಷ್ಯನೇ ನಿಯಮಕ್ಕೆ ಸಲ್ಲದ ಕ್ಲಬ್ ಹಿಡಿದು, ಖುಷಿಗೆ ಆಡುವವನಿಗೆ ಇದರಿಂದ ಏನೂ ಕೇಡಿಲ್ಲ ಎಂದುಬಿಟ್ಟರು.

ಈ ಪ್ರಕರಣವನ್ನು ಸಾಮಾನ್ಯವಾಗಿ ದುರಾಸೆಯ ಕಂಪನಿ ಮತ್ತು ಹಟಮಾರಿ ಸಂಸ್ಥೆಯ ನಡುವಿನ ಕುಸ್ತಿಯಾಗಿ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ನಡುವೆ ಸಿಕ್ಕಿಬಿದ್ದ ಭಾನುವಾರದ ಆಟಗಾರನ ಕಡೆಯಿಂದ ನೋಡಿದರೆ ಕಾಣುವುದು ಬೇರೆ.

ನಿಯಮದಲ್ಲಿ ಏನಿತ್ತು

ಕ್ಲಬ್‌ನ ಮುಖ ಚೆಂಡಿಗೆ ತಾಗುವಾಗ ಸ್ಪ್ರಿಂಗ್‌ನಂತೆ ವರ್ತಿಸಬಾರದು ಎಂಬ ಮಾತು ನಿಯಮಪುಸ್ತಕದಲ್ಲಿ ಮೊದಲೇ ಇತ್ತು. ತಲೆ ಮರದ್ದಾಗಿದ್ದ ಕಾಲದಲ್ಲಿ ಆ ಸಾಲಿಗೆ ಕೆಲಸವೇ ಇರಲಿಲ್ಲ. 1990ರ ದಶಕದಲ್ಲಿ ಡ್ರೈವರ್‌ಗಳ ತಲೆ ಟೈಟೇನಿಯಂಗೆ ಬದಲಾಯಿತು. ಒಳಗೆ ಟೊಳ್ಳು, ಗಾತ್ರ ದೊಡ್ಡದು, ಮುಖದ ತಗಡು ತೆಳು. ಆ ತಗಡು ಹೊಡೆತದ ಕ್ಷಣದಲ್ಲಿ ಕೂದಲೆಳೆಯಷ್ಟು ಒಳಕ್ಕೆ ಬಾಗಿ ವಾಪಸು ಬರುತ್ತದೆ. ತಗಡು ಚೆಂಡನ್ನು ಚಿಮ್ಮಿಸುತ್ತದೆ ಎಂದು ಜನ ತಿಳಿಯುವುದುಂಟು. ನಿಜವಾಗಿ ನಡೆಯುವುದು ಇನ್ನೂ ಸೊಗಸಾಗಿದೆ. ಗಟ್ಟಿ ಮುಖಕ್ಕೆ ಬಡಿದಾಗ ಚೆಂಡು ಚಪ್ಪಟೆಯಾಗುತ್ತದೆ, ಚಪ್ಪಟೆಯಾಗಿ ಮತ್ತೆ ದುಂಡಗಾಗುವುದರಲ್ಲಿ ಶಕ್ತಿ ಶಾಖವಾಗಿ ಸೋರಿಹೋಗುತ್ತದೆ. ಮುಖ ತಾನು ಸ್ವಲ್ಪ ಬಾಗಿಕೊಟ್ಟರೆ ಚೆಂಡು ಅಷ್ಟು ಚಪ್ಪಟೆಯಾಗುವುದಿಲ್ಲ. ಹಾಗಾಗಿ ಸೋರಿಕೆ ಕಡಿಮೆ, ವೇಗ ಹೆಚ್ಚು. ಇದೆಲ್ಲ ಮುಗಿಯುವುದು ಸುಮಾರು ಅರ್ಧ ಮಿಲಿಸೆಕೆಂಡಿನಲ್ಲಿ.

1998ರಲ್ಲಿ ಯುಎಸ್‌ಜಿಎ ಆ ಹಳೆಯ ಸಾಲಿಗೆ ಅಳತೆಗೋಲು ತಂದಿತು. ಚೆಂಡನ್ನು ಸೆಕೆಂಡಿಗೆ 160 ಅಡಿ ವೇಗದಲ್ಲಿ ಕ್ಲಬ್ಬಿನ ತಲೆಯ ಮೇಲೆ ಹಾರಿಸಿ, ಎಷ್ಟು ವೇಗದಲ್ಲಿ ಹಿಂತಿರುಗುತ್ತದೆ ಎಂದು ಲೆಕ್ಕ ಹಾಕಿ ಒಂದು ಗುಣಾಂಕ ತೆಗೆಯುವ ಪರೀಕ್ಷೆ ಅದು. ಮಿತಿ 0.822, ಪರೀಕ್ಷೆಯ ಏರುಪೇರಿಗೆಂದು 0.008 ಸೇರಿಸಿ 0.830. ಮಿತಿ ದಾಟಿದ ಕ್ಲಬ್‌ಗಳ ಪಟ್ಟಿ ಪ್ರಕಟವಾಗತೊಡಗಿತು. ಮೊದಲ ಇಆರ್‌ಸಿ ಹೊರಬಂದದ್ದು ಜಪಾನ್ ಮತ್ತು ಯುರೋಪಿನಲ್ಲಿ, ಅದೂ ಪಟ್ಟಿ ಸೇರಿತು. ಇಆರ್‌ಸಿ ಟು ಕೂಡ ಸೇರಿತು.

ಇಲ್ಲಿಯವರೆಗೆ ಗೊಂದಲವಿಲ್ಲ. ಗೊಂದಲ ಶುರುವಾಗುವುದು ಅಟ್ಲಾಂಟಿಕ್ ದಾಟಿದ ಮೇಲೆ. ಗಾಲ್ಫಿಗೆ ನಿಯಮ ಮಾಡುವವರು ಇಬ್ಬರು. ಅಮೆರಿಕ, ಮೆಕ್ಸಿಕೋಗಳಿಗೆ ಯುಎಸ್‌ಜಿಎ. ಉಳಿದ ಜಗತ್ತಿಗೆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಆರ್ ಅಂಡ್ ಎ. 1952ರಿಂದ ಇಬ್ಬರೂ ಒಂದೇ ನಿಯಮಾವಳಿಯನ್ನು ಜಂಟಿಯಾಗಿ ಹೊರತರುತ್ತ ಬಂದಿದ್ದರು. ಸ್ಪ್ರಿಂಗ್ ಕುರಿತ ಸಾಲು ಎರಡೂ ಕಡೆ ಒಂದೇ. ಆದರೆ 2000ದಲ್ಲಿ ಆರ್ ಅಂಡ್ ಎ ಈ ತೆಳುಮುಖದ ಡ್ರೈವರ್‌ಗಳಿಂದ ಆಟಕ್ಕೆ ಹಾನಿಯಿಲ್ಲ ಎಂದು ತೀರ್ಮಾನಿಸಿ ಅವಕ್ಕೆ ಅನುಮತಿ ಕೊಟ್ಟಿತು. ಪರಿಣಾಮ ವಿಚಿತ್ರ. ಅದೇ ಕ್ಲಬ್ ಹಿಡಿದು ನ್ಯೂಜೆರ್ಸಿಯಲ್ಲಿ ಪಕ್ಕದ ಮನೆಯವರೊಂದಿಗೆ ಐದು ಡಾಲರ್ ಪಣಕ್ಕೆ ಆಡಿದರೆ ತಪ್ಪು, ಬ್ರಿಟನ್ನಿನ ಓಪನ್ ಚಾಂಪಿಯನ್‌ಶಿಪ್‌ನಲ್ಲಿ ಆಡಿದರೆ ಸರಿ! ಭಾರತವೂ ಆರ್ ಅಂಡ್ ಎ ತೆಕ್ಕೆಯಲ್ಲೇ ಇದ್ದುದರಿಂದ, ಅಮೆರಿಕದ ಅಂಗಡಿಯಲ್ಲಿ ಈ ಡ್ರೈವರ್ ಕೊಂಡು ಊರಿಗೆ ತಂದವರು 1876ರಷ್ಟು ಹಳೆಯ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಟೀ ಮೇಲೆ ನಿಂತು ನಿಯಮದ ಅಡ್ಡಿಯಿಲ್ಲದೆ ಬೀಸಬಹುದಿತ್ತು. ಕೊಂಡ ಊರಿನಲ್ಲೇ ಅದಕ್ಕೆ ಕಿಮ್ಮತ್ತಿರಲಿಲ್ಲ.

ಸಿಟ್ಟಿನ ಮೂಲ

ಸಾಮಾನ್ಯ ಆಟಗಾರನ ಅಸಮಾಧಾನವನ್ನು ಪಾಮರ್ ಸರಿಯಾಗಿ ಹಿಡಿದಿದ್ದರು. ಅಮೆರಿಕದ ಸಾರ್ವಜನಿಕ ಕೋರ್ಸುಗಳಲ್ಲಿ (ಗಾಲ್ಫ್ ಮೈದಾನಗಳಲ್ಲಿ) ಶನಿವಾರ ಆಡುವವರಲ್ಲಿ ನಿಯಮಪುಸ್ತಕವನ್ನು ಅಕ್ಷರಶಃ ಪಾಲಿಸುವವರು ಎಷ್ಟು ಮಂದಿ? ಮೊದಲ ಟೀಯಲ್ಲಿ ಚೆಂಡು ಪೊದೆಗೆ ಹೋದರೆ ಇನ್ನೊಂದು ಅವಕಾಶ, ಅದಕ್ಕೆ ಮುಲ್ಲಿಗನ್ ಅಂತ ಹೆಸರೂ ಇದೆ. ಗುಳಿಗೆ ಹಾಕಲು ಎರಡಡಿಯ ಪಟ್, ಅಂದರೆ ಮೆಲ್ಲನೆಯ ಕೊನೆಯ ಹೊಡೆತ, ಉಳಿದರೆ ಜೊತೆಯವರು 'ಎತ್ತಿಕೋ' ಅನ್ನುತ್ತಾರೆ. ಹುಲ್ಲು ಕಿತ್ತುಹೋದ ಗುಂಡಿಯಲ್ಲಿ ಚೆಂಡು ಕೂತರೆ ಕಾಲಿನಿಂದ ಮೆಲ್ಲಗೆ ಈಚೆ ತಳ್ಳುತ್ತಾರೆ. ಇದಕ್ಕೆಲ್ಲ ಕಣ್ಣುಮುಚ್ಚುವ ಸಂಸ್ಥೆ, ಐವತ್ತು ದಾಟಿ ಸೊಂಟ ತಿರುಗದ ಮನುಷ್ಯ ನಾಲ್ಕು ಗಜ ಜಾಸ್ತಿ ಹೊಡೆಯಲು ತನ್ನದೇ ದುಡ್ಡು ಕೊಟ್ಟರೆ ತಡೆಯುವುದೇಕೆ? ನಮ್ಮ ಬೀದಿ ಕ್ರಿಕೆಟ್‌ನಲ್ಲಿ ಒನ್ ಪಿಚ್ ಕ್ಯಾಚ್ ಔಟು, ಕಾಂಪೌಂಡಿನೊಳಗೆ ಬಿದ್ದರೂ ಔಟು; ಅದನ್ನು ಸರಿಪಡಿಸಲು ಲಾರ್ಡ್ಸ್‌ನಿಂದ ಯಾರೂ ಬಂದದ್ದಿಲ್ಲ.

ಸಿಟ್ಟಿಗೆ ಇನ್ನೊಂದು ಪದರವಿತ್ತು. ಯುಎಸ್‌ಜಿಎ ನಡೆಸುವುದು ಸಂಬಳವಿಲ್ಲದೆ ಗೌರವಾರ್ಥ ಕೆಲಸ ಮಾಡುವ ಹದಿನೈದು ಜನರ ಕಾರ್ಯಕಾರಿ ಸಮಿತಿ. ಓಟಿನ ಹಕ್ಕಿರುವುದು ಸದಸ್ಯ ಕ್ಲಬ್‌ಗಳಿಗೆ. ಪಾಮರ್ ಮುಖ ನೋಡಿ ಚಂದಾ ಕಟ್ಟಿದ ಲಕ್ಷಾಂತರ ಮಂದಿಗೆ ಟೋಪಿ ಸಿಗುತ್ತಿತ್ತು, ನಿಯಮಪುಸ್ತಕ ಸಿಗುತ್ತಿತ್ತು, ಓಟು ಸಿಗುತ್ತಿರಲಿಲ್ಲ. ತಾನು ಆರಿಸದ, ತನ್ನಂತೆ ಆಡದ, ಬಹುಪಾಲು ಖಾಸಗಿ ಕ್ಲಬ್ಬಿನ ಪರಿಸರದಿಂದ ಬಂದವರು ತನ್ನ ಬ್ಯಾಗಿನೊಳಗೆ ಇಣುಕುತ್ತಿದ್ದಾರೆ ಎಂಬ ಭಾವನೆ ಸಾರ್ವಜನಿಕ ಕೋರ್ಸಿನ ಆಟಗಾರನಲ್ಲಿ ಮೊದಲೇ ಇತ್ತು. ಕ್ಯಾಲವೇ ಆ ಭಾವನೆಗೆ 625 ಡಾಲರ್ ಬೆಲೆ ಕಟ್ಟಿದರು. ಅವರು ಚಾಣಾಕ್ಷ ವ್ಯಾಪಾರಿ: ಜವಳಿ ಕಂಪನಿಯ ಅಧ್ಯಕ್ಷರಾಗಿದ್ದರು, ಆಮೇಲೆ ದ್ರಾಕ್ಷಾರಸದ ಉದ್ಯಮ ಮಾಡಿ ಮಾರಿದರು, ಅರವತ್ತು ದಾಟಿದ ಮೇಲೆ ಗಾಲ್ಫ್ ಕಂಪನಿ ಕಟ್ಟಿ 1991ರಲ್ಲಿ ಬಿಗ್ ಬರ್ತಾ ತಂದರು. ದೊಡ್ಡ ತಲೆಯ ಆ ಡ್ರೈವರ್ ಗೆದ್ದದ್ದೇ ಸಾಧಾರಣ ಆಟಗಾರನ ತಪ್ಪನ್ನು ಕ್ಷಮಿಸಿದ್ದಕ್ಕೆ. ತನ್ನ ಗಿರಾಕಿ ಯಾರೆಂದು ಅವರಿಗೆ ಯುಎಸ್‌ಜಿಎಗಿಂತ ಚೆನ್ನಾಗಿ ಗೊತ್ತಿತ್ತು.

ಹ್ಯಾಂಡಿಕ್ಯಾಪ್ ಎಂಬ ಕಡಿವಾಣ

ಇಷ್ಟಾದರೂ ಪಾಮರ್ ವಾದದಲ್ಲಿ ಒಂದು ಬಿರುಕಿದೆ. ನನ್ನ ಮಟ್ಟಿಗೆ ಇಡೀ ಪ್ರಕರಣದ ಕೀಲಿ ಅದೇ.

ಇಆರ್‌ಸಿ ಟು ಬಳಸಿದವನನ್ನು ಹಿಡಿಯಲು ಯುಎಸ್‌ಜಿಎ ಬಳಿ ಪೊಲೀಸರಿಲ್ಲ, ದಂಡ ಹಾಕುವ ಅಧಿಕಾರವಿಲ್ಲ, ಅಂಗಡಿಗೆ ಬೀಗ ಜಡಿಯುವ ಹಕ್ಕಿಲ್ಲ. ಅವರ ಬಳಿ ಇದ್ದದ್ದು ಒಂದೇ ಅಸ್ತ್ರ: ಸಲ್ಲದ ಕ್ಲಬ್ಬಿನಿಂದ ಆಡಿದ ಸುತ್ತಿನ ಅಂಕವನ್ನು ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ನೋಡಿ ಅವನಿಗೆ ಕೊಡುವ ಹೊಡೆತಗಳ ರಿಯಾಯಿತಿಯ ಸಂಖ್ಯೆ) ಲೆಕ್ಕಕ್ಕೆ ಸೇರಿಸಿಕೊಳ್ಳುವುದಿಲ್ಲ. ಹೊರಗಿನವರಿಗೆ ಇದು ಸಪ್ಪೆ ಶಿಕ್ಷೆಯಾಗಿ ಕಾಣಬಹುದು. ಆದರೆ ಎಂಬತ್ತು ಹೊಡೆತದವನೂ ನೂರು ಹೊಡೆತದವನೂ ಒಂದೇ ಬೆಟ್ಟಿಗೆ ಸಮನಾಗಿ ಆಡಲು ಸಾಧ್ಯವಾಗುವುದು ಆ ಸಂಖ್ಯೆಯಿಂದ. ಅದು ಕಳೆದರೆ ಕ್ಲಬ್ಬಿನ ತಿಂಗಳ ಪಂದ್ಯವಿಲ್ಲ, ಕಚೇರಿಯ ವಾರ್ಷಿಕ ಟೂರ್ನಿಯಿಲ್ಲ, 'ನಾನೀಗ ಹದಿನಾಲ್ಕಕ್ಕೆ ಇಳಿದಿದ್ದೇನೆ' ಎಂದು ಊಟದ ಮೇಜಿನ ಮುಂದೆ ಹೇಳಿಕೊಳ್ಳುವ ಸುಖವೂ ಇಲ್ಲ.

ಅಮೆರಿಕದ ಪದ್ಧತಿಯ ವೈಶಿಷ್ಟ್ಯ ಇಲ್ಲಿ ಕೆಲಸ ಮಾಡಿತು. ಆ ಕಾಲದ ಬ್ರಿಟನ್‌ನಲ್ಲಿ ಹ್ಯಾಂಡಿಕ್ಯಾಪ್ ನಿರ್ಧಾರವಾಗುತ್ತಿದ್ದುದು ಮುಖ್ಯವಾಗಿ ಸ್ಪರ್ಧೆಯ ಸುತ್ತುಗಳಿಂದ. ಸ್ನೇಹಿತರೊಂದಿಗೆ ಆಡಿದ್ದು ಮರೆತುಹೋಗುವ ಆಟ. ಅಮೆರಿಕದಲ್ಲಿ ಹಾಗಲ್ಲ, ಸ್ನೇಹಿತರೊಂದಿಗೆ ಆಡಿದ ಸುತ್ತನ್ನೂ ಆಟಗಾರ ತಾನೇ ದಾಖಲಿಸಬೇಕು. ಖುಷಿಯ ಆಟ ಬೇರೆ, ಸ್ಪರ್ಧೆಯ ಆಟ ಬೇರೆ ಎಂದು ಪಾಮರ್ ಗೆರೆ ಎಳೆದರು. ಅಮೆರಿಕದ ಲೆಕ್ಕದ ಪುಸ್ತಕದಲ್ಲಿ ಆ ಗೆರೆಯೇ ಇರಲಿಲ್ಲ. ಆ ಗೆರೆ ನಿಜವಾಗಿ ಇದ್ದ ಬ್ರಿಟನ್‌ನಲ್ಲಿ, ಕ್ಲಬ್ ಎರಡೂ ಬಗೆಯ ಆಟಕ್ಕೆ ಸಕ್ರಮವಾಗಿದ್ದರಿಂದ, ಅದರ ಅಗತ್ಯವೇ ಬೀಳಲಿಲ್ಲ.

ಆದ್ದರಿಂದ ಬಂಡಾಯ ನಡೆದರೂ ಅರೆಮನಸ್ಸಿನಿಂದ ನಡೆಯಿತು. ನಿಯಮ ಮಾಡುವವರನ್ನು ಬೈಯುತ್ತಿದ್ದ ಅನೇಕರೇ ಇಆರ್‌ಸಿ ಟು ಕೊಳ್ಳಲು ಹಿಂದೇಟು ಹಾಕಿದರು. ಮುಲ್ಲಿಗನ್ ಹೊಡೆದರೆ ಅದು ಆ ಕ್ಷಣದ ಕಳ್ಳಾಟ, ಜೊತೆಯವರು ನಕ್ಕು ಬಿಡುತ್ತಾರೆ. ಪಟ್ಟಿಯಲ್ಲಿ ಹೆಸರಿರುವ ಕ್ಲಬ್ ಬ್ಯಾಗಿನಲ್ಲಿದ್ದರೆ ಹದಿನೆಂಟು ಹೋಲ್‌ಗಳಲ್ಲೂ ಅದು ಎಲ್ಲರ ಕಣ್ಣಿಗೆ ಬೀಳುತ್ತದೆ. ಮುನ್ನೂರು ಗಜದ ಹೊಡೆತ ಬಿದ್ದರೆ ಹೊಗಳಿಕೆ ಮನುಷ್ಯನಿಗಲ್ಲ, ಸಲ್ಲದ ಕ್ಲಬ್ಬಿಗೆ. ನಿಯಮ ಬೇಡ ಎನ್ನುವವನಿಗೂ ತನ್ನ ಹೊಡೆತ ನಿಯಮದೊಳಗಿನದು ಎನಿಸಿಕೊಳ್ಳುವ ಆಸೆ ಬಲವಾಗಿರುತ್ತದೆ ಎಂಬುದನ್ನು ಕ್ಯಾಲವೇ ಅಂದಾಜಿಸಿರಲಿಲ್ಲ. ಅವರು 2001ರ ಜುಲೈನಲ್ಲಿ ತೀರಿಕೊಂಡರು. ಪಾಮರ್ ಮೇಲೆ ಟೀಕೆಗಳ ಸುರಿಮಳೆಯಾಯಿತು. ನಿಷ್ಠಾವಂತ ಅಭಿಮಾನಿಗಳಿಗೂ ನೋವಾಯಿತು. ಯುಎಸ್‌ಜಿಎ ಮಾತ್ರ ಅವರನ್ನು ಹುದ್ದೆಯಿಂದ ಕೆಳಗಿಳಿಸಲಿಲ್ಲ. ಜಾಣತನದ ನಿರ್ಧಾರ.

ಗಜಗಳ ಲೆಕ್ಕ

ಹಾಗಾದರೆ ಇಷ್ಟೆಲ್ಲ ರಾದ್ಧಾಂತ ಎಷ್ಟು ಗಜಕ್ಕೆ? ಗುಣಾಂಕದಲ್ಲಿ 0.010 ಹೆಚ್ಚಾದರೆ ವೃತ್ತಿಪರರ ಬೀಸಿನ ವೇಗದಲ್ಲಿ ಸುಮಾರು ಎರಡು ಗಜ ಸಿಗುತ್ತದೆ ಎಂಬುದು ಆಗ ಎಲ್ಲರೂ ಒಪ್ಪುತ್ತಿದ್ದ ಅಂದಾಜು. 0.830ರಿಂದ 0.860ಕ್ಕೆ ಹೋದರೆ ಆರು ಗಜ, ಅಂದರೆ ಐದೂವರೆ ಮೀಟರ್. ನಿಧಾನವಾಗಿ ಬೀಸುವ ಸಾಮಾನ್ಯ ಆಟಗಾರನಿಗೆ ಅಷ್ಟೂ ಇಲ್ಲ. ಚೆಂಡು ಬಿದ್ದ ಜಾಗದಲ್ಲಿ ನೆಲ ಗಟ್ಟಿಯಿದ್ದರೆ ಇದಕ್ಕಿಂತ ಹೆಚ್ಚು ಉರುಳುತ್ತದೆ.

ಅದೇ 2000ದ ಅಕ್ಟೋಬರ್‌ನಲ್ಲಿ, ಇಆರ್‌ಸಿ ಟು ಸುದ್ದಿಯ ಸದ್ದಿನ ನಡುವೆಯೇ, ಲಾಸ್ ವೇಗಸ್‌ನ ಟೂರ್ನಿಯೊಂದರಲ್ಲಿ ಟೈಟ್ಲಿಸ್ಟ್ ಕಂಪನಿಯ ಪ್ರೊ ವಿ1 ಎಂಬ ಹೊಸ ಚೆಂಡು ಮೊದಲ ಬಾರಿಗೆ ವೃತ್ತಿಪರರ ಕೈಗೆ ಬಂತು. ಡಜನ್‌ಗಟ್ಟಲೆ ಆಟಗಾರರು ಒಂದೇ ವಾರದಲ್ಲಿ ಹಳೆಯ ಚೆಂಡು ಬಿಟ್ಟು ಅದಕ್ಕೆ ಹಾರಿದರು. ಘನ ತಿರುಳಿನ ಈ ಚೆಂಡು ಡ್ರೈವರ್‌ನಿಂದ ಹೊಡೆದಾಗ ಕಡಿಮೆ ತಿರುಗಿ ದೂರ ಹೋಗುತ್ತಿತ್ತು, ಗ್ರೀನ್ ಬಳಿ ಮಾತು ಕೇಳುತ್ತಿತ್ತು. ಎಲ್ಲ ಪರೀಕ್ಷೆಗಳಲ್ಲೂ ಪಾಸು. ಅಮೆರಿಕದ ವೃತ್ತಿಪರ ಟೂರ್ನಿಗಳ ಸರಣಿಯಾದ ಪಿಜಿಎ ಟೂರ್‌ನಲ್ಲಿ ಡ್ರೈವ್‌ಗಳ ಸರಾಸರಿ ದೂರ 2000ದಲ್ಲಿ ಸುಮಾರು 273 ಗಜ, 2001ರಲ್ಲಿ 279, 2003ರಲ್ಲಿ 286. ಮೂರು ವರ್ಷಗಳಲ್ಲಿ ಹದಿಮೂರು ಗಜ, ಎಲ್ಲವೂ ನಿಯಮಬದ್ಧ ಸಾಮಾನಿನಿಂದ. ಚೆಂಡೊಂದೇ ಕಾರಣವಲ್ಲ, ಮಿತಿಯೊಳಗಿನ ಟೈಟೇನಿಯಂ ಡ್ರೈವರ್‌ಗಳೂ ಆಟಗಾರರ ಕಸರತ್ತೂ ಸೇರಿದ್ದವು. ಆದರೆ ಆಟದ ಚಾರಿತ್ರ್ಯ ಕಾಪಾಡಲು ಭಾನುವಾರದ ಆಟಗಾರನ ಆರು ಗಜಕ್ಕೆ ಬೇಲಿ ಹಾಕುತ್ತಿದ್ದಾಗ ಇನ್ನೊಂದು ಬಾಗಿಲಿನಿಂದ ಅದರ ಎರಡರಷ್ಟು ದಾಟಿಹೋಗಿತ್ತು. ಅಧಿಕಾರಿಗಳ ಮೇಲಿನ ಆಕ್ಷೇಪಗಳಲ್ಲಿ ಗಟ್ಟಿಯಾಗಿ ನಿಲ್ಲುವುದು ಇದೊಂದೇ ಅಂತ ನನಗನಿಸುತ್ತದೆ.

ಯುಎಸ್‌ಜಿಎ ಪರವಾಗಿ ಹೇಳಲೂ ಒಂದಿದೆ. 1998ರಲ್ಲೇ ಮಿತಿ ಹಾಕಿರದಿದ್ದರೆ ತಗಡು ಇನ್ನೂ ತೆಳುವಾಗುತ್ತಿತ್ತು, ಗುಣಾಂಕ 0.860ಕ್ಕೂ ನಿಲ್ಲುತ್ತಿರಲಿಲ್ಲ. ಬೇಲಿ ಹಾಕಿದವರಿಗೆ ತಡೆದ ನಷ್ಟದ ಲೆಕ್ಕ ತೋರಿಸಲು ಆಗುವುದಿಲ್ಲ. ಬೈಗುಳ ಮಾತ್ರ ಸಿಗುತ್ತದೆ.

ಮೂರು ತಿಂಗಳ ರಾಜಿ

ಎರಡು ಖಂಡಗಳಲ್ಲಿ ಎರಡು ನ್ಯಾಯ ಬಹಳ ದಿನ ನಡೆಯುವಂಥದ್ದಲ್ಲ. 2002ರ ಮೇ ತಿಂಗಳಲ್ಲಿ ಎರಡೂ ಸಂಸ್ಥೆಗಳು ಜಂಟಿ ಪ್ರಸ್ತಾವ ಮುಂದಿಟ್ಟವು. 2003ರಿಂದ ಐದು ವರ್ಷ ಸಾಮಾನ್ಯ ಆಟಗಾರರಿಗೆ 0.860ರವರೆಗೆ ಅನುಮತಿ, ಉನ್ನತ ಮಟ್ಟದ ಸ್ಪರ್ಧೆಗೆ 0.830; 2008ರಿಂದ ಎಲ್ಲರಿಗೂ 0.830. ಅಂದರೆ ಅಮೆರಿಕದ ಸಾಮಾನ್ಯ ಆಟಗಾರನಿಗೆ ಹೇಳಿದ್ದು ಹೀಗೆ: ಎರಡು ವರ್ಷದಿಂದ ತಪ್ಪಾಗಿದ್ದದ್ದು ಇನ್ನು ಐದು ವರ್ಷ ಸರಿ, ಆಮೇಲೆ ಮತ್ತೆ ತಪ್ಪು. ನಿಯಮ ಪಾಲಿಸಿ ಇಆರ್‌ಸಿ ಟು ಕೊಳ್ಳದೆ ಉಳಿದವನ ಪಾಡು ಯೋಚಿಸಿ. ಪಾಲಿಸದವನಿಗೆ ಬಹುಮಾನ ಸಿಗುತ್ತಿತ್ತು.

ತಯಾರಕರೂ ಆಟದ ಇತರ ವಲಯಗಳವರೂ ಆಕ್ಷೇಪ ಎತ್ತಿದರು. ಆಗಸ್ಟ್‌ನಲ್ಲಿ ಯುಎಸ್‌ಜಿಎ ಹಿಂದೆ ಸರಿಯಿತು: ಅಮೆರಿಕದಲ್ಲಿ ಎಲ್ಲರಿಗೂ, ಎಲ್ಲ ಕಾಲಕ್ಕೂ 0.830. ಆರ್ ಅಂಡ್ ಎ ತನ್ನ ದಾರಿಯನ್ನು ಅರ್ಧ ಉಳಿಸಿಕೊಂಡಿತು: 2003ರ ಜನವರಿಯಿಂದ ಉನ್ನತ ಸ್ಪರ್ಧೆಗಳಿಗೆ ಮಿತಿ, ಉಳಿದವರಿಗೆ 2007ರ ಕೊನೆಯವರೆಗೆ ವಿನಾಯಿತಿ. ಹಾಗಾಗಿ ಐದು ವರ್ಷಗಳ ಕಾಲ ಬ್ರಿಟನ್, ಜಪಾನ್, ಭಾರತದ ಹವ್ಯಾಸಿಗೆ ವೃತ್ತಿಪರನಿಗಿಲ್ಲದ ಸೌಲಭ್ಯ ಅಧಿಕೃತವಾಗಿಯೇ ಇತ್ತು. ಕ್ಯಾಲವೇ ಕಂಪನಿಯೂ ಪಾಠ ಕಲಿತಿತ್ತು. ಮುಂದಿನ ಗ್ರೇಟ್ ಬಿಗ್ ಬರ್ತಾ ಟು ಅಮೆರಿಕಕ್ಕೆ ನಿಯಮಬದ್ಧವಾಗಿ ಬಂತು, ಹೆಸರಿಗೊಂದು 'ಪ್ಲಸ್' ಅಂಟಿಸಿಕೊಂಡ, ಮಿತಿ ಮೀರಿದ ಮಾದರಿ ಹೊರದೇಶಗಳಿಗೆ ಹೋಯಿತು.

ಆ ಐದು ವರ್ಷ ಆಕಾಶವೇನೂ ಕಳಚಿ ಬೀಳಲಿಲ್ಲ. ಕೋರ್ಸುಗಳು ಗಿಡ್ಡವಾಗಲಿಲ್ಲ, ಹವ್ಯಾಸಿಗಳು ದಾಖಲೆ ಮುರಿಯಲಿಲ್ಲ. ಎರಡು ಬಗೆಯ ಆಟಗಾರರಿಗೆ ಎರಡು ಮಿತಿ ಇಟ್ಟರೆ ಆಟ ಒಡೆದುಹೋಗುತ್ತದೆ ಎಂಬ ಭಯಕ್ಕೆ ಉತ್ತರವಾಗಿ ಇಂಥದೊಂದು ಪ್ರಯೋಗ ನಡೆದುಹೋಗಿದೆ ಎಂಬುದನ್ನು ಈಚಿನ ಚರ್ಚೆಗಳಲ್ಲಿ ಯಾರೂ ನೆನೆಯುವುದಿಲ್ಲ. 2008ರ ಜನವರಿ 1ರಂದು ಮಿತಿ ಎಲ್ಲೆಡೆ ಒಂದೇ ಆಯಿತು. ಜಪಾನಿನಲ್ಲಿ ಮಾತ್ರ ಮಿತಿ ಮೀರಿದ ಡ್ರೈವರ್‌ಗಳನ್ನು ವಯಸ್ಸಾದ ಆಟಗಾರರಿಗೆಂದೇ ತಯಾರಿಸಿ ಮಾರುವುದು ಆಮೇಲೂ ಮುಂದುವರಿಯಿತು, ಯಾರ ಮುಜುಗರವೂ ಇಲ್ಲದೆ.

ಚೆಂಡಿನ ಸರದಿ

2023ರ ಮಾರ್ಚ್‌ನಲ್ಲಿ ಅವೇ ಎರಡು ಸಂಸ್ಥೆಗಳು ಚೆಂಡಿನ ದೂರ ತಗ್ಗಿಸುವ ಪ್ರಸ್ತಾವ ತಂದವು. ಈ ಬಾರಿ ಮೊದಲ ಕರಡು ಪಾಮರ್ ಕೇಳಿದ್ದಂತೆಯೇ ಇತ್ತು: ಗಣ್ಯ ಸ್ಪರ್ಧೆಗಳಿಗೆ ಕಡಿಮೆ ಹೋಗುವ ಚೆಂಡು, ಸಾಮಾನ್ಯರಿಗೆ ಈಗಿನದೇ. ಅದನ್ನು ವಿರೋಧಿಸಿದ್ದು ಪಿಜಿಎ ಟೂರ್, ಅಮೆರಿಕದ ವೃತ್ತಿಪರರ ಸಂಘ, ತಯಾರಕರು. ವೃತ್ತಿಪರ ಆಡುವ ಚೆಂಡನ್ನೇ ಹವ್ಯಾಸಿಯೂ ಆಡುತ್ತಾನೆ ಎಂಬುದರ ಮೇಲೆ ಚೆಂಡಿನ ವ್ಯಾಪಾರವೆಲ್ಲ ನಿಂತಿದೆ. ಡಿಸೆಂಬರ್‌ನಲ್ಲಿ ಅಂತಿಮ ತೀರ್ಮಾನ ಬಂದಾಗ ವಿಂಗಡಣೆ ಕೈಬಿಟ್ಟು ನಿಯಮ ಎಲ್ಲರಿಗೂ ಒಂದೇ ಎಂದರು. ಸಾಮಾನ್ಯ ಆಟಗಾರರಿಗೆ 2030ರಿಂದ. ಅವರಿಗಾಗುವ ನಷ್ಟ ಐದು ಗಜ ಅಥವಾ ಅದಕ್ಕಿಂತ ಕಡಿಮೆ ಎಂದು ಸಂಸ್ಥೆಗಳೇ ಲೆಕ್ಕ ಕೊಟ್ಟವು. 2000ದಲ್ಲಿ ತಯಾರಕ ಹವ್ಯಾಸಿಯ ಹೆಸರು ಹಿಡಿದು ಎರಡು ನಿಯಮ ಕೇಳಿದ್ದ. 2023ರಲ್ಲಿ ಅದೇ ಹವ್ಯಾಸಿಯ ಹೆಸರು ಹಿಡಿದು ಒಂದೇ ನಿಯಮ ಸಾಕು ಎಂದ. ಹವ್ಯಾಸಿಗೆ ಎರಡೂ ಸಲ ಸಿಕ್ಕಿದ್ದು ವೃತ್ತಿಪರನ ಮಿತಿಯೇ.

ಅಷ್ಟರಲ್ಲಿ ಹ್ಯಾಂಡಿಕ್ಯಾಪ್ ಲೆಕ್ಕವೂ ಬದಲಾಗಿತ್ತು. 2020ರಲ್ಲಿ ಜಾರಿಗೆ ಬಂದ ಜಾಗತಿಕ ಹ್ಯಾಂಡಿಕ್ಯಾಪ್ ಪದ್ಧತಿ ಅಮೆರಿಕದ ಮಾದರಿಗೆ ಹತ್ತಿರದ್ದು. ಸ್ನೇಹಿತರೊಂದಿಗೆ ಆಡಿದ ಸುತ್ತನ್ನೂ ದಾಖಲೆಗೆ ಕೊಡಬಹುದು, ಕೊಡಬೇಕಾದರೆ ನಿಯಮದ ಪ್ರಕಾರ, ಸಲ್ಲುವ ಕ್ಲಬ್ ಮತ್ತು ಚೆಂಡಿನಿಂದ ಆಡಿರಬೇಕು. ಖುಷಿಯ ಆಟವನ್ನು ಲೆಕ್ಕದಿಂದ ಹೊರಗಿಟ್ಟಿದ್ದ ಬ್ರಿಟನ್ನಿನ ಹಳೆಯ ಗೆರೆ ಆ ವರ್ಷ ಅಲ್ಲಿಯೂ ಅಳಿಸಿತು.